ಹಿಂಗಾರಿ ಹೊಲಕ್ಕೆ ಸಂಶೋಧನೆಯ ಪಾಲು ಸಿಗಲಿ

ಮಾನ್ಯ ಸಂಪಾದಕರೆ,

ಇನ್ನೇನು ಉತ್ತರಿ ಮಳೆ ಹಿಡಿಯುವ ಹೊತ್ತು. ನಮ್ಮ ವಿಜಯಪುರ ಜಿಲ್ಲೆಯ ಡೋಣಿ ನದಿ ಸಾಲಿನ ಕಪ್ಪು ಮಣ್ಣಿನ ಎರೆಹೊಲಗಳಲ್ಲಿ ಕೂರಿಗೆಗಳು ಹೊರಬರುತ್ತವೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎನ್ನುವ ಮಾತು ಹುಟ್ಟಿದ್ದು ಈ ನೆಲದಲ್ಲೇ. ಅದೇ ನೆಲದಲ್ಲಿ ಈಗ ಜೋಳ ಹಿಂದೆ ಸರಿದು ಕಡಲೆ ಮುಂದೆ ಬರುತ್ತಿದೆ. ಕಾಲುವೆ ನೀರು ಮುಟ್ಟಿದ ಕಡೆ ಕಬ್ಬು ಬಂದಿದೆ. ರೈತರು ಜೋಳ ಬಿಡುತ್ತಿರುವುದು ರೊಟ್ಟಿ ಬೇಡವಾಗಿ ಅಲ್ಲ. ಜೋಳದ ಹೊಲದ ನಾಲ್ಕಾರು ತೊಡಕುಗಳು ಬಗೆಹರಿಯದೆ ಹಾಗೇ ಉಳಿದಿವೆ, ಅದಕ್ಕೆ ಬಿಡುತ್ತಿದ್ದಾರೆ. ಹಸಿವು, ಬಡತನ ಕಡಿಮೆ ಮಾಡುವುದು ಗುರಿಯಾದರೆ ಕೃಷಿ ಸಂಶೋಧನೆಯ ಹಣ ಮೊದಲು ಇಂಥ ಮಳೆ ನಂಬಿದ ಹೊಲಗಳಿಗೆ ಬರಬೇಕು, ಮತ್ತು ಬರೀ ಹೊಸ ತಳಿಗಲ್ಲ, ಕಟಾವು, ತೇವ, ಬೀಜ, ಸಂಗ್ರಹ ಈ ಕೆಲಸಗಳಿಗೂ ಬರಬೇಕು ಎಂಬುದನ್ನು ವಿವರವಾಗಿ ಹೇಳಲು ಈ ಪತ್ರ.

ಇದು ಬರೀ ನಮ್ಮ ಜಿಲ್ಲೆಯ ಅಭಿಮಾನದ ಮಾತಲ್ಲ. ಅರ್ಥಶಾಸ್ತ್ರಜ್ಞರಾದ ಶೆಂಗೆನ್ ಫಾನ್, ಪೀಟರ್ ಹೇಝೆಲ್, ಸುಖದೇವ ಥೋರಟ್ ಅವರು ಭಾರತದ ಹಲವು ದಶಕಗಳ ಸರ್ಕಾರಿ ಖರ್ಚಿನ ಲೆಕ್ಕ ತೆಗೆದು, ಹಳ್ಳಿಯ ಬಡತನ ಇಳಿಸುವುದರಲ್ಲಿ ರಸ್ತೆ ಮತ್ತು ಕೃಷಿ ಸಂಶೋಧನೆ ಎಲ್ಲಕ್ಕಿಂತ ಮುಂದೆ ಇವೆ ಎಂದು 2000ದ ಹೊತ್ತಿಗೇ ತೋರಿಸಿದ್ದರು. ಅದೇ ಕಾಲದಲ್ಲಿ ಫಾನ್ ಮತ್ತು ಹೇಝೆಲ್ ಜಿಲ್ಲಾವಾರು ಅಂಕಿಗಳನ್ನು ಇಟ್ಟುಕೊಂಡು ಇನ್ನೊಂದು ಮಾತು ಹೇಳಿದರು. ಹೆಚ್ಚುವರಿಯಾಗಿ ಹಾಕುವ ಒಂದು ರೂಪಾಯಿ ನೀರಾವರಿ ಜಿಲ್ಲೆಗಿಂತ ಒಣಬೇಸಾಯದ ಜಿಲ್ಲೆಯಲ್ಲಿ ಹೆಚ್ಚು ಜನರನ್ನು ಬಡತನದಿಂದ ಮೇಲೆತ್ತುತ್ತದೆ. ಕಾರಣ ಸರಳ. ನೀರಾವರಿ ಹೊಲದಲ್ಲಿ ಸುಲಭಕ್ಕೆ ಸಿಗುವ ಲಾಭವನ್ನು ಹಸಿರು ಕ್ರಾಂತಿಯ ಕಾಲದಲ್ಲೇ ಬಾಚಿಕೊಂಡಾಗಿದೆ, ಒಣಹೊಲದಲ್ಲಿ ಅದು ಇನ್ನೂ ಬಾಕಿ ಇದೆ. ಕೃಷಿ ಸಂಶೋಧನೆಗೆ ಹಾಕಿದ ಒಂದು ರೂಪಾಯಿಗೆ 13.85 ರೂಪಾಯಿ ಮರಳುತ್ತದೆ ಎಂದು ಕೇಂದ್ರದ 2023-24ರ ಆರ್ಥಿಕ ಸಮೀಕ್ಷೆಯೇ ಹೇಳಿತು. ಹೀಗಿದ್ದೂ ದೇಶ ಈ ಕೆಲಸಕ್ಕೆ ತೆಗೆದಿಡುವುದು ಕೃಷಿ ಉತ್ಪನ್ನದ ಮೌಲ್ಯದಲ್ಲಿ ಶೇ 0.5ಕ್ಕಿಂತ ಕಡಿಮೆ. ಶೇ 1ಕ್ಕೆ ಏರಿಸಬೇಕೆಂಬ ಮಾತು ಹಳೆಯದು.

ಹಸಿವು ಎಲ್ಲಿದೆ, ಪಡಿತರದ ಅಕ್ಕಿ ಬರುತ್ತಿದೆಯಲ್ಲ ಎಂದು ಕೇಳುವವರಿದ್ದಾರೆ. 2013ರ ಆಹಾರ ಭದ್ರತಾ ಕಾಯ್ದೆ ಮತ್ತು ಅನ್ನಭಾಗ್ಯ ಬಂದ ಮೇಲೆ ಹೊಟ್ಟೆ ತುಂಬದೆ ಮಲಗುವವರು ಕಡಿಮೆಯಾದದ್ದು ನಿಜ. ಆ ಅಕ್ಕಿಯ ಋಣ ದೊಡ್ಡದು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೊಟ್ಟೆ ತುಂಬಿದರೂ ಮೈಗೆ ಹತ್ತದ ಊಟದ ಲೆಕ್ಕ ಇದು. ರೊಟ್ಟಿ, ಬೇಳೆ, ಕಾಳುಪಲ್ಲೆ, ಮಜ್ಜಿಗೆ ಇದ್ದ ತಾಟಿನಿಂದ ಒಂದೊಂದೇ ಜಾರಿಹೋದರೆ ಉಳಿಯುವುದು ಅನ್ನ ಮಾತ್ರ. ಆ ತಾಟು ಮತ್ತೆ ತುಂಬಬೇಕಾದರೆ ಜೋಳ, ತೊಗರಿ, ಕಡಲೆ, ಮೇವು ಇವು ಕೊರತೆ ಬೀಳದೆ ಬೆಳೆಯಬೇಕು.

ಈ ನೆಲದಲ್ಲಿ ಸಂಶೋಧನೆ ಹೊಸದೇನಲ್ಲ. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಆರಿಸಿದ ಐದು ಊರುಗಳಲ್ಲಿ ಸೊಲ್ಲಾಪುರ, ರಾಯಚೂರು, ಹಗರಿ, ರೋಹ್ಟಕ್ ಜೊತೆಗೆ ವಿಜಯಪುರವೂ ಒಂದು. ಇವತ್ತಿಗೂ ನಮ್ಮ ಭಾಗದ ಬಹಳ ಹೊಲಗಳಲ್ಲಿ ನಿಂತಿರುವ ಎಂ 35-1, ಅಂದರೆ ಮಾಲದಂಡಿ, ಆ ಕಾಲದಲ್ಲೇ ಸೊಲ್ಲಾಪುರ ಸೀಮೆಯ ನಾಟಿ ಜೋಳದಿಂದ ಆರಿಸಿ ತೆಗೆದದ್ದು. ತೊಂಬತ್ತು ವರ್ಷ ಹತ್ತಿರವಾದರೂ ಅದನ್ನು ಪೂರಾ ಸರಿಸುವ ತಳಿ ಬಂದಿಲ್ಲ. 1964ರಲ್ಲಿ ಸಿಎಸ್‌ಎಚ್-1 ಹೈಬ್ರಿಡ್ ಬಂದು ಮುಂಗಾರಿ ಜೋಳದ ಇಳುವರಿ ಏರಿಸಿತು, ಹಿಂಗಾರಿಗೆ ಅದರಿಂದ ಏನೂ ಸಿಗಲಿಲ್ಲ. ಹಿಂಗಾರಿ ರೈತ ಮೂರು ಸಂಗತಿ ನೋಡುತ್ತಾನೆ. ಕಾಳು ಮುತ್ತಿನ ಹಾಗೆ ದುಂಡಗೆ, ಬೆಳ್ಳಗೆ ಇದ್ದು ರೊಟ್ಟಿ ಹರಿಯದೆ ಬಡಿಯಲು ಬರಬೇಕು. ಕಣಕಿ, ಅಂದರೆ ಮೇವಾಗುವ ಜೋಳದ ದಂಟು, ಎತ್ತರವಾಗಿದ್ದು ದನ ಸೋಸದೆ ತಿನ್ನಬೇಕು. ಮಳೆ ಕೈಕೊಟ್ಟ ವರ್ಷವೂ ಒಂದಿಷ್ಟು ಕಾಳು ಕೈಗೆ ಬರಬೇಕು. ಕಾಳಿನ ತೂಕ ಒಂದನ್ನೇ ಅಳೆದು ‘ಉತ್ತಮ’ ಎಂದು ಕೊಟ್ಟ ತಳಿಗಳು ಈ ಮೂರರಲ್ಲಿ ಒಂದಕ್ಕೆ ಎಡವಿದವು. ವಿಜಯಪುರದ ಸಂಶೋಧನಾ ಕೇಂದ್ರದ್ದೇ ಆದ ಬಿಜೆವಿ-44 ತಳಿ ಹೊಲಕ್ಕೆ ಇಳಿದದ್ದು ಕಾಳು, ಕಣಕಿ ಎರಡನ್ನೂ ಲೆಕ್ಕಕ್ಕೆ ಹಿಡಿದದ್ದರಿಂದ. ಆದ್ಯತೆಯ ಪಟ್ಟಿ ಬರೆಯುವವರು ಈ ಪಾಠ ಮರೆಯಬಾರದು.

ಈಗ ಎಲ್ಲಕ್ಕಿಂತ ದೊಡ್ಡ ತೊಡಕಿಗೆ ಬರೋಣ. ಅದು ಕಟಾವು. ಹಿಂಗಾರಿ ಜೋಳವನ್ನು ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಬಿಟ್ಟು ಬೆಳೆಯಬೇಕೆಂಬುದು ಶಿಫಾರಸು. ಈ ಲೆಕ್ಕಕ್ಕೆ ಎಕರೆಗೆ ಅರವತ್ತು ಸಾವಿರ ಗಿಡ. ಒಂದಿಷ್ಟು ಸತ್ತುಹೋದರೂ ಐವತ್ತು ಸಾವಿರಕ್ಕೆ ಮೋಸವಿಲ್ಲ. ನಮ್ಮ ಕಡೆ ಈ ದಂಟನ್ನು ಕೊಯ್ಯುವುದಕ್ಕಿಂತ ಬೇರುಸಮೇತ ಕೀಳುವುದೇ ಹೆಚ್ಚು. ಅಂದರೆ ಒಂದು ಎಕರೆ ರಾಶಿ ಮನೆಗೆ ಬರಬೇಕಾದರೆ ಐವತ್ತು ಸಾವಿರ ಸಲ ಯಾರೋ ಒಬ್ಬರು ಬಗ್ಗಿ, ದಂಟಿನ ಬುಡ ಹಿಡಿದು, ಜಗ್ಗಿ, ಬೇರಿನ ಹೆಂಟೆ ಉದುರಿಸಿ ಸಾಲಿಗೆ ಹಾಕಬೇಕು. ಎರೆನೆಲ ಆ ಹೊತ್ತಿಗೆ ಬಿರುಕು ಬಿಟ್ಟು ಕಲ್ಲಿನಂತಾಗಿರುತ್ತದೆ. ಎರಡನೆಯ ದಿನಕ್ಕೇ ಅಂಗೈ ಬೊಬ್ಬೆ. ಆಮೇಲೆ ನಾಲ್ಕೆಂಟು ದಿನ ಒಣಗಿಸಿ, ತೆನೆ ಮುರಿದು, ಕಣಕ್ಕೆ ಹೊತ್ತು, ರಾಶಿ ಯಂತ್ರಕ್ಕೆ ಹಾಕಿ, ಕಣಕಿಯನ್ನು ಸಿವುಡು ಕಟ್ಟಿ ಬಣವೆ ಒಟ್ಟಬೇಕು. ಈ ಸರಣಿಯಲ್ಲಿ ಯಂತ್ರ ಬಂದಿರುವುದು ಕಾಳು ಬೇರೆ ಮಾಡುವ ಒಂದು ಹಂತಕ್ಕೆ ಮಾತ್ರ.

ಒಣಹೊಲದಲ್ಲಿ ಎಕರೆಗೆ ಸಾಧಾರಣವಾಗಿ ಬರುವುದು 3ರಿಂದ 4 ಕ್ವಿಂಟಲ್. ಮಾಲದಂಡಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ. ನಾಲ್ಕು ಕ್ವಿಂಟಲ್ ಬಂದರೂ ಹದಿನೈದು ಸಾವಿರ. ಕೀಳುವ, ಮುರಿಯುವ, ಕಟ್ಟುವ ಕೂಲಿಯನ್ನು ಇದರಲ್ಲೇ ಕೊಡಬೇಕು, ಅದೂ ಆಳು ಸಿಕ್ಕರೆ. ಕಡಲೆಗೆ ಬಾಡಿಗೆ ಯಂತ್ರ ಬಂದು ಅರ್ಧ ದಿನದಲ್ಲಿ ಹೊಲ ಖಾಲಿ ಮಾಡಿಕೊಡುತ್ತದೆ. ಕಡಲೆ ಗೆದ್ದದ್ದು ಎಲ್ಲಿ ಎಂಬುದು ಇಲ್ಲೇ ತಿಳಿಯುತ್ತದೆ. ಅದು ತಾನಾಗಿ ಒದಗಿದ ಅನುಕೂಲವೂ ಅಲ್ಲ. ಗಿಡ ನೆಟ್ಟಗೆ ನಿಂತು, ಕಾಯಿಗಳು ನೆಲಕ್ಕೆ ತಾಗದೆ ಮೇಲೆ ಕೂರುವಂಥ ತಳಿ ಬೇಕೆಂದು ಹುಡುಕಿದರು; ಆಂಧ್ರದ ನಂದ್ಯಾಲದಿಂದ ಬಂದ ಎನ್‌ಬಿಇಜಿ-47 ಆ ಹುಡುಕಾಟದ ಫಲ. ಯಂತ್ರಕ್ಕೆ ತಕ್ಕ ಗಿಡ, ಗಿಡಕ್ಕೆ ತಕ್ಕ ಯಂತ್ರ ಎರಡನ್ನೂ ಒಟ್ಟಿಗೆ ಯೋಚಿಸಿದರೆ ಕೆಲಸ ಆಗುತ್ತದೆ.

ಜೋಳಕ್ಕೆ ಇದು ಯಾಕೆ ಆಗಿಲ್ಲ? ಗೋಧಿ ಕೊಯ್ಯುವ ಕಂಬೈನ್ ಯಂತ್ರವನ್ನು ಜೋಳಕ್ಕೆ ಬಿಟ್ಟರೆ ಕಾಳು ಸಿಗುತ್ತದೆ, ಕಣಕಿ ಚೂರಾಗಿ ಹೊಲದಲ್ಲಿ ಚೆಲ್ಲುತ್ತದೆ. ಕಣಕಿ ಹೋದರೆ ಜೋಳ ಬೆಳೆಯುವ ಅರ್ಧ ಉದ್ದೇಶವೇ ಹೋದಂತೆ. ಬೇಸಿಗೆಯಲ್ಲಿ ದನ ಏನು ತಿನ್ನಬೇಕು? ಭತ್ತ, ಗೋಧಿ ಕೊಯ್ದು ಕಟ್ಟು ಹಾಕುವ ಸಣ್ಣ ಯಂತ್ರಗಳು ಮೂರು ಅಡಿಯ ಬೆಳೆಗೆ ಮಾಡಿದವು. ಆರೇಳು ಅಡಿಯ ದಪ್ಪ ದಂಟು ಅದರಲ್ಲಿ ಅಡ್ಡಬಿದ್ದು ಸಿಕ್ಕಿಕೊಳ್ಳುತ್ತದೆ, ಕಟ್ಟಿನ ಹುರಿ ತುಂಡಾಗುತ್ತದೆ. ದಂಟು ಮೊದಲೇ ಒರಗಿದ್ದರೆ ಯಂತ್ರದ ಬಾಯಿಗೇ ಬರುವುದಿಲ್ಲ. ಹಾಗೆಂದು ಗಿಡವನ್ನು ಮೊಣಕಾಲೆತ್ತರಕ್ಕೆ ಇಳಿಸಿದರೆ ರೈತ ಬಿತ್ತುವುದಿಲ್ಲ. ಬೇಕಾದದ್ದು ನೆಲದಿಂದ ನಾಲ್ಕು ಬೆರಳು ಮೇಲೆ ದಂಟು ಕತ್ತರಿಸಿ, ತೆನೆಗಳೆಲ್ಲ ಒಂದೇ ಕಡೆ ಬರುವ ಹಾಗೆ ಸಾಲಿಗೆ ಮಲಗಿಸುವ, ಸಣ್ಣ ಟ್ರ್ಯಾಕ್ಟರಿಗೆ ಜೋಡಿಸಬಹುದಾದ ಉಪಕರಣ. ಜೊತೆಗೆ ಐದೂವರೆ ಆರು ಅಡಿಗೆ ನಿಲ್ಲುವ, ಬುಡ ಗಟ್ಟಿಯಾದ, ಒಂದೇ ಸಲ ಮಾಗುವ ತಳಿ. ತಳಿ ತಜ್ಞರು ಒಂದು ಕಟ್ಟಡದಲ್ಲಿ, ಕೃಷಿ ಎಂಜಿನಿಯರುಗಳು ಇನ್ನೊಂದರಲ್ಲಿ ಕುಳಿತಿದ್ದರೆ ಇದು ಆಗದು. ಒಂದೇ ಯೋಜನೆ, ಒಂದೇ ಹಣ, ಒಂದೇ ಹೊಲ ಇರಬೇಕು. ಒಣಬೇಸಾಯದ ಸಂಶೋಧನೆಗೆ ಒಂದೇ ಒಂದು ಹೊಸ ಯೋಜನೆ ಕೊಡುವುದಾದರೂ ನಾವು ಕೇಳುವುದು ಇದನ್ನೇ.

ದಂಟು ಒರಗುವುದಕ್ಕೂ ಕಾರಣವಿದೆ. ಕಾಳು ತುಂಬುವ ಹೊತ್ತಿಗೆ ನೆಲದ ತೇವ ತೀರಿದರೆ ಗಿಡ ದಂಟಿನ ಸಾರವನ್ನೆಲ್ಲ ತೆನೆಗೆ ಎಳೆಯುತ್ತದೆ. ಸೊರಗಿದ ಬುಡಕ್ಕೆ ಮಣ್ಣಿನ ಶಿಲೀಂಧ್ರ ಹೊಕ್ಕು ಒಳಗಿನ ತಿರುಳು ಕಪ್ಪು ಪುಡಿಯಾಗುತ್ತದೆ. ದಂಟು ಸೀಳಿ ನೋಡಿದರೆ ಇದ್ದಿಲ ಪುಡಿ ಅಂಟಿದ ಎಳೆಗಳು ಕಾಣುತ್ತವೆ. ಇದೇ ಕಪ್ಪು ಕಾಂಡ ಕೊಳೆ ರೋಗ. ಗಿಡ ಒತ್ತಾದಷ್ಟೂ, ಯೂರಿಯಾ ಮಿತಿಮೀರಿದಷ್ಟೂ ಇದು ಜೋರು, ಔಷಧಿ ಹೊಡೆದು ನಿಲ್ಲಿಸುವ ರೋಗವಲ್ಲ. ಕೊನೆಯತನಕ ಎಲೆ ಹಸಿರಾಗಿ ಉಳಿಸಿಕೊಳ್ಳುವ ಗುಣ ಇಥಿಯೋಪಿಯಾ ಮೂಲದ ಜೋಳದಲ್ಲಿ ಸಿಕ್ಕಿದೆ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ನಮ್ಮ ಮಾದರಿಯ ಜೋಳಕ್ಕೆ ತರುವ ಕೆಲಸವೂ ನಡೆದಿದೆ. ಆ ಗುಣ ಬಂದರೆ ದಂಟು ಬೀಳದು, ಕಣಕಿ ಮೆತ್ತಗಿದ್ದು ದನಕ್ಕೆ ಜೀರ್ಣವಾಗುತ್ತದೆ, ಯಂತ್ರಕ್ಕೂ ಅನುಕೂಲ. ಒಂದು ಗುಣದಿಂದ ಮೂರು ತೊಡಕು ಬಿಡಿಸಬಹುದಾದ ಇಂಥ ಕೆಲಸಕ್ಕೆ ಹಣ ಮೂರು ವರ್ಷಕ್ಕೊಮ್ಮೆ ನಿಂತು ನಿಂತು ಬರಬಾರದು. ಒಂದು ತಳಿ ಹೊಲಕ್ಕೆ ಬರಲು ಹತ್ತು ಹನ್ನೆರಡು ವರ್ಷ ಹಿಡಿಯುತ್ತದೆ.

ತೇವದ ವಿಷಯ ಇನ್ನೂ ಬೇರೆ. ಇಲ್ಲಿ ಜ್ಞಾನ ಇದೆ, ಹೊಲಕ್ಕೆ ಇಳಿದಿಲ್ಲ. ವಿಜಯಪುರದ ವಾರ್ಷಿಕ ಮಳೆ ಹೆಚ್ಚುಕಡಿಮೆ 600 ಮಿ.ಮೀ. ಒಂದು ಎಕರೆ ಮೇಲೆ 50 ಮಿ.ಮೀ. ಮಳೆ ಬಿತ್ತೆಂದರೆ ಎರಡು ಲಕ್ಷ ಲೀಟರ್ ನೀರು ಬಿತ್ತೆಂದು ಲೆಕ್ಕ. ಅದು ಒಂದೇ ರಾತ್ರಿ ರಭಸದಿಂದ ಸುರಿದರೆ ದೊಡ್ಡ ಪಾಲು ಮೇಲ್ಮಣ್ಣನ್ನು ಹೊತ್ತುಕೊಂಡು ಹಳ್ಳಕ್ಕೆ ಹೋಗುತ್ತದೆ. ಇದಕ್ಕೆ ಉತ್ತರ ಚೌಕು ಮಡಿ. ಜೂನ್-ಜುಲೈನಲ್ಲಿ ಹೊಲ ಹರಗಿ ಕಸ ತೆಗೆದ ಮೇಲೆ ಇಳಿಜಾರು ಶೇ 1ರೊಳಗೆ ಇದ್ದರೆ 4.5 ಮೀಟರ್ ಚೌಕ, ಶೇ 2ರಿಂದ 3 ಇದ್ದರೆ 3 ಮೀಟರ್ ಚೌಕ ಮಾಡಿ ಗೇಣೆತ್ತರದ ಒಡ್ಡು ಹಾಕುವುದು. ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ, ಬಿತ್ತುವ ಮುಂಚೆ ಹರಗಿ ಸಮ ಮಾಡಿಕೊಳ್ಳುವುದು. ಹೇಳಲು ಇಷ್ಟೇ. ಕೆಡುವುದು ಎಲ್ಲಿ ಎಂದರೆ, ಹೆಂಟೆ ಮಣ್ಣಿನಲ್ಲಿ ಮಾಡಿದ ಒಡ್ಡು ಮೊದಲ ದೊಡ್ಡ ಮಳೆಗೇ ಕರಗುತ್ತದೆ. ನಾಲ್ಕು ಮೂಲೆ ಸರಿಯಾಗಿ ಕೂಡಿಸದಿದ್ದರೆ ನೀರು ಅಲ್ಲಿಂದ ಹೊರಟು ಕೊರಕಲು ಬೀಳುತ್ತದೆ. ತಗ್ಗಿನ ಎರೆಹೊಲದಲ್ಲಿ ನೀರು ನಿಂತು ಹದ ತಡವಾಗುತ್ತದೆ. ಹೊಲ ಲಾವಣಿಗೆ (ಗೇಣಿಗೆ) ಹಾಕಿಕೊಂಡವನು ಮುಂದಿನ ವರ್ಷದ ಭರವಸೆ ಇಲ್ಲದೆ ಈ ಖರ್ಚಿಗೆ ಕೈಹಾಕುವುದೇ ಇಲ್ಲ. ಮೂಲೆ ಕೂಡಿಸುವ ಉಪಕರಣ, ತಗ್ಗು ಹೊಲಕ್ಕೆ ಬೇರೆ ಅಳತೆ, ಲಾವಣಿ ರೈತನಿಗೆ ಅನುದಾನ ಮುಟ್ಟುವ ದಾರಿ, ಇವೂ ಸಂಶೋಧನೆಯ ಪ್ರಶ್ನೆಗಳೇ. ಪ್ರಯೋಗ ತಾಕಿನಲ್ಲಿ ಗೆದ್ದ ಪದ್ಧತಿ ಊರಲ್ಲಿ ಯಾಕೆ ನಿಲ್ಲಲಿಲ್ಲ ಎಂದು ಅಳೆಯುವವರು ಬೇಕು.

ಕೃಷಿ ಹೊಂಡದ್ದೂ ಇದೇ ಕಥೆ. 12 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡ, ದಡದ ಇಳಿಜಾರು ಒಂದಕ್ಕೊಂದು ಎಂದು ಹಿಡಿದರೆ ತುಂಬಿದಾಗ ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ಜೋಳ ಹೊಡೆ ಹಾಯುವಾಗ (ತೆನೆ ಹೊರಬರುವ ಮುಂಚೆ) 5 ಸೆಂ.ಮೀ. ಲೆಕ್ಕದಲ್ಲಿ ಒಂದು ನೀರು ಕೊಡಲು ಎಕರೆಗೆ ಎರಡು ಲಕ್ಷ ಲೀಟರ್ ಬೇಕು. ಅಂದರೆ ಆ ಹೊಂಡ ಒಂದು ಎಕರೆಗೆ ಒಂದೇ ನೀರಿನ ಹೊಂಡ. 21 ಮೀಟರ್‌ನ ಹೊಂಡವಾದರೆ ಸುಮಾರು ಒಂಬತ್ತು ಮುಕ್ಕಾಲು ಲಕ್ಷ ಲೀಟರ್. ಬಿಸಿಲಿಗೆ ಆವಿಯಾದದ್ದು ಕಳೆದರೂ ನಾಲ್ಕು ಎಕರೆಗೆ ಒಂದು ನೀರು. ಈ ಸಣ್ಣ ಲೆಕ್ಕ ಹೇಳದೆ ಹೊಂಡ ತೋಡಿಸಿದ ಮೇಲೆ ರೈತ ಅದನ್ನು ತರಕಾರಿಗೋ ಕಬ್ಬಿನ ಸಸಿಗೋ ಸುರಿದು ಮುಗಿಸುತ್ತಾನೆ, ಹೊಡೆ ಬರುವ ಹೊತ್ತಿಗೆ ತಳದಲ್ಲಿ ಕೆಸರು ಉಳಿಯುತ್ತದೆ. ಯಾವ ಬೆಳೆಗೆ, ಯಾವ ದಿನ, ಎಷ್ಟು ನೀರು ಕೊಟ್ಟರೆ ಹೆಚ್ಚು ಕಾಳು ಎಂಬ ಕೋಷ್ಟಕ ಪ್ರತಿ ಹೋಬಳಿಯ ಮಣ್ಣಿಗೆ ತಕ್ಕಂತೆ ತಯಾರಾಗಬೇಕು.

ಖರ್ಚೇ ಇಲ್ಲದ ಒಂದು ಕೆಲಸವನ್ನೂ ಇಲ್ಲಿ ಹೇಳಬೇಕು. ಬೀಜ ಕಠಿಣಗೊಳಿಸುವುದು. ಒಂದು ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಜೋಳದ ಬೀಜವನ್ನು ಅದರಲ್ಲಿ ಎಂಟು ತಾಸು ನೆನೆಸಿ, ನೆರಳಲ್ಲಿ ಮೊದಲಿನ ತೂಕಕ್ಕೆ ಬರುವ ತನಕ ಒಣಗಿಸಬೇಕು. ಆಮೇಲೆ ತೆನೆಯ ಕಾಳು ಕಪ್ಪು ಪುಡಿಯಾಗುವ ಕಾಡಿಗೆ ರೋಗಕ್ಕೆಂದು ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಪುಡಿ ಲೇಪಿಸಿ ಬಿತ್ತಬೇಕು. ಎಕರೆಗೆ ಬೀಜ ಬೇಕಾಗುವುದೇ 3 ಕಿಲೋ, ಹಾಗಾಗಿ ಖರ್ಚು ಲೆಕ್ಕಕ್ಕಿಲ್ಲ. ರಾತ್ರಿಯಿಡೀ ಮರೆತು ಬಿಟ್ಟರೆ ಬೀಜ ಮೊಳಕೆ ಒಡೆಯುತ್ತದೆ, ಬಿಸಿಲಿಗೆ ಹರಡಿದರೆ ಸಿಪ್ಪೆ ಸೀಳುತ್ತದೆ. ಎರಡೂ ಆದವರು ಮುಂದಿನ ವರ್ಷ ಈ ಗೊಡವೆಗೇ ಹೋಗುವುದಿಲ್ಲ. ಬಿತ್ತನೆ ಅಕ್ಟೋಬರ್ ನಡುವಿಗಿಂತ ಆಚೆ ಜಾರಿದರೆ ಸುಳಿನೊಣದ ಕಾಟ ಹೆಚ್ಚು. ಮೊಳೆತ ನಾಲ್ಕು ವಾರದೊಳಗೆ ನಡುಸುಳಿ ಒಣಗಿ, ಹಿಡಿದು ಜಗ್ಗಿದರೆ ಕೊಳೆತ ವಾಸನೆಯೊಂದಿಗೆ ಕಿತ್ತು ಬರುತ್ತದೆ. ಮಳೆ ತಡವಾಗುವ ವರ್ಷಗಳು ಹೆಚ್ಚುತ್ತಿರುವಾಗ ತಡ ಬಿತ್ತನೆಗೂ ತಡೆಯುವ ಜೋಳ ಬೇಕು.

ಬೀಜ ಸಾಗುವ ದಾರಿಯ ಬಗ್ಗೆ ನೀತಿ ಮಾಡುವವರು ಒಂದು ಗುಣಾಕಾರ ಮಾಡಿ ನೋಡಲಿ. ಒಂದು ಎಕರೆ ಜೋಳದ ಬೀಜದ ಹೊಲದಿಂದ 4 ಕ್ವಿಂಟಲ್ ಬಂದರೆ, ಎಕರೆಗೆ 3 ಕಿಲೋದಂತೆ, ಮುಂದಿನ ವರ್ಷ 130 ಎಕರೆಗೆ ಬೀಜವಾಯಿತು. ಅದರ ಮುಂದಿನ ವರ್ಷ ಒಂದು ತಾಲ್ಲೂಕಿಗೇ ಸಾಕು. ಕಡಲೆಗೆ ಹಾಗಿಲ್ಲ. ಎಕರೆಗೆ ಬೀಜವೇ 25 ಕಿಲೋ ಬೇಕು. 5 ಕ್ವಿಂಟಲ್ ಬೆಳೆದರೆ ಇಪ್ಪತ್ತು ಎಕರೆಗೆ ಮಾತ್ರ. ಅದಕ್ಕೇ ಸೊರಗು ರೋಗ ತಡೆಯುವ ಸೂಪರ್ ಅಣ್ಣಿಗೇರಿಯಂಥ ಒಳ್ಳೆಯ ಕಡಲೆ ತಳಿ ಬಂದರೂ ಊರು ಮುಟ್ಟಲು ವರ್ಷಗಟ್ಟಲೆ ಬೇಕು. ಈ ಎರಡು ಬೆಳೆಗಳ ಬೀಜವನ್ನು ರೈತ ಮನೆಯಲ್ಲೇ ಉಳಿಸಿಕೊಳ್ಳಬಹುದು, ಆದ್ದರಿಂದ ಖಾಸಗಿ ಕಂಪನಿಗೆ ಇದರಲ್ಲಿ ಲಾಭವಿಲ್ಲ. ಹೈಬ್ರಿಡ್ ಮೆಕ್ಕೆಜೋಳ, ಹತ್ತಿ ಬೀಜ ಹಳ್ಳಿ ಅಂಗಡಿಯವರೆಗೂ ತಾನಾಗಿ ಬರುತ್ತದೆ, ಬಡವರ ಬೆಳೆಯ ಬೀಜವನ್ನು ಸರ್ಕಾರ, ವಿಶ್ವವಿದ್ಯಾಲಯ, ರೈತರ ಸಂಘಗಳೇ ಹೊರಬೇಕು. ಊರಿಗೆ ಇಬ್ಬರು ಮೂವರು ರೈತರಿಗೆ ಮೂಲಬೀಜ ಕೊಟ್ಟು, ಬೇರೆ ಜೋಳದಿಂದ ನೂರು ಮೀಟರ್ ದೂರ ಇಟ್ಟು, ಬೇರೆ ಬಗೆಯ ಗಿಡಗಳನ್ನು ಹೂವಿಗೆ ಮುಂಚೆ ಕೀಳುವುದನ್ನು ಕಲಿಸಿದರೆ ಜೋಳದ ಬೀಜದ ಕೊರತೆ ಎರಡು ಹಂಗಾಮಿನಲ್ಲಿ ತೀರುತ್ತದೆ. ಯಾವ ತಳಿ ಎಷ್ಟು ಎಕರೆಗೆ ಹರಡಿತು ಎಂಬುದನ್ನು ಬಿಡುಗಡೆಯ ಐದು ವರ್ಷದ ನಂತರ ಅಳೆದು ಪ್ರಕಟಿಸುವ ಪದ್ಧತಿ ಬರಲಿ. ಬಿಡುಗಡೆಯಾದ ತಳಿಗಳ ಸಂಖ್ಯೆಯಿಂದ ಯಾರ ತಾಟಿಗೂ ರೊಟ್ಟಿ ಬರುವುದಿಲ್ಲ.

ಬೆಳೆದದ್ದನ್ನು ಕಾಪಾಡುವುದರಲ್ಲಿ ನಮ್ಮ ಹಿರಿಯರು ಜಾಣರಿದ್ದರು. ಹಗೇವು ಎಂಬ ನೆಲದೊಳಗಿನ ಕಣಜದಲ್ಲಿ ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ಒಳಗಿನ ಗಾಳಿ ಕಾಳು ಉಸಿರಾಡಿಯೇ ತೀರಿ, ಹುಳ ಬದುಕುತ್ತಿರಲಿಲ್ಲ. ಇದೇ ತತ್ವದ ಮೇಲೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕದ ಕ್ಯಾಮರೂನ್‌ನಲ್ಲಿ ಅಲಸಂದೆ ಕಾಳಿಗೆ ಮೂರು ಪದರದ ಚೀಲ ರೂಪಿಸಿದರು. ಒಳಗೆ ಎರಡು ದಪ್ಪ ಪಾಲಿಥಿನ್ ಚೀಲ, ಹೊರಗೆ ನೇಯ್ದ ಗಟ್ಟಿ ಚೀಲ. ಔಷಧಿ ಬೇಡ, ಗುಳಿಗೆ ಬೇಡ. ತೊಗರಿ, ಕಡಲೆ, ಹೆಸರಿಗೆ ಬೀಳುವ ನುಸಿಗೆ ಇದಕ್ಕಿಂತ ಸುಲಭ ಉಪಾಯ ಸಿಗುವುದು ಕಷ್ಟ. ಕಾಳನ್ನು ಹಲ್ಲಿಗೆ ಕಟಕ್ ಎನ್ನುವಷ್ಟು ಒಣಗಿಸಿ, ಹೊಟ್ಟು, ಕಡ್ಡಿ ತೆಗೆದು ಒಳಚೀಲಕ್ಕೆ ಒತ್ತೊತ್ತಿ ತುಂಬಬೇಕು. ಗಾಳಿ ಹಿಸುಕಿ ತೆಗೆದು, ಬಾಯಿ ತಿರುಚಿ, ಮಡಿಚಿ, ಬಿಗಿದು ಕಟ್ಟಬೇಕು. ಎರಡನೆಯದನ್ನೂ, ಮೂರನೆಯದನ್ನೂ ಹಾಗೆಯೇ ಬೇರೆ ಬೇರೆ ಕಟ್ಟಬೇಕು. ತೇವ ಉಳಿದ ಕಾಳು ಹಾಕಿದರೆ ಬೂಸಲು ಹಿಡಿಯುತ್ತದೆ. ದಿನಾ ಬಿಚ್ಚಿ ಒಂದೊಂದು ಸೇರು ತೆಗೆದರೆ ಗಾಳಿ ಹೊಕ್ಕು ಹುಳ ಮತ್ತೆ ಏಳುತ್ತದೆ, ಆದ್ದರಿಂದ ಒಂದು ಚೀಲ ಬಿಚ್ಚಿದರೆ ಅದನ್ನು ಮುಗಿಸಿಯೇ ಇನ್ನೊಂದಕ್ಕೆ ಕೈಹಾಕಬೇಕು. ಇಲಿ ಒಂದು ತೂತು ಮಾಡಿದರೂ ಎಲ್ಲ ವ್ಯರ್ಥ, ಅದಕ್ಕೆ ಗೋಡೆಯಿಂದ ದೂರ ಹಲಗೆಯ ಮೇಲಿಡಬೇಕು. ರಾಶಿಯ ವಾರವೇ ಕಡಿಮೆ ಬೆಲೆಗೆ ಮಾರುವ ಸಣ್ಣ ರೈತ ನುಸಿಯ ಹೆದರಿಕೆ ತಪ್ಪಿದರೆ ಮೂರು ತಿಂಗಳು ಕಾಯಬಲ್ಲ. ಬಿತ್ತನೆ ಬೀಜವೂ ಮನೆಯಲ್ಲೇ ಉಳಿಯುತ್ತದೆ.

ಪೌಷ್ಟಿಕಾಂಶದ ಮಾತು. ಮಹಾರಾಷ್ಟ್ರದ ಪರಭಣಿ ಕೃಷಿ ವಿಶ್ವವಿದ್ಯಾಲಯ ಇಕ್ರಿಸ್ಯಾಟ್ ಜೊತೆಗೂಡಿ 2018ರಲ್ಲಿ ಪರಭಣಿ ಶಕ್ತಿ ಎಂಬ ಜೋಳ ಕೊಟ್ಟಿತು. ಸಾಧಾರಣ ಜೋಳದ ಒಂದು ಕಿಲೋದಲ್ಲಿ 30 ಮಿಲಿಗ್ರಾಂ ಕಬ್ಬಿಣಾಂಶ, 20 ಮಿಲಿಗ್ರಾಂ ಸತು ಇದ್ದರೆ ಇದರಲ್ಲಿ 45 ಮತ್ತು 32. ಮಾಲದಂಡಿ ಕಾಳಿನ ರೊಟ್ಟಿಯ ಗುಣ ಕೆಡಿಸದೆ ಇದೇ ಅಂಶ ನಮ್ಮ ಹಿಂಗಾರಿ ತಳಿಗೆ ಬರುವಂತೆ ವಿಜಯಪುರ, ಧಾರವಾಡದಲ್ಲಿ ಕೆಲಸ ನಡೆಯಬೇಕು. ಕಾಳಿನಲ್ಲಿ ಕಬ್ಬಿಣ ಇದ್ದರಷ್ಟೇ ಸಾಲದು, ಅದು ಮೈಗೆ ಸೇರಬೇಕು; ಕಾಳಿನ ಫೈಟೇಟ್ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಕಟ್ಟಿದರೆ ಅಥವಾ ಊಟದ ಜೊತೆ ಲಿಂಬೆಯಂಥ ಹುಳಿ ಇದ್ದರೆ ಹೆಚ್ಚು ಸೇರುತ್ತದೆ. ಅಂಗನವಾಡಿಯ ಊಟಕ್ಕೆ ಜೋಳ ಸೇರಿಸುವಾಗ ಇದನ್ನೂ ಸೇರಿಸಿ ಯೋಚಿಸಬೇಕು. ಇನ್ನೊಂದು ತೊಡಕು ಹಿಟ್ಟಿನದು. ಜೋಳದ ಹಿಟ್ಟಿನಲ್ಲಿ ಮೊಳಕೆಯ ಭಾಗದ ಎಣ್ಣೆಯಂಶ ಇರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ, ಹಳೆಯ ಹಿಟ್ಟಿನ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಪೇಟೆಯವರು ಜೋಳದ ಹಿಟ್ಟು ಕೊಳ್ಳಲು ತಯಾರಿದ್ದಾರೆ. ಮಹಿಳಾ ಸಂಘಗಳು ಮಾರಲು ತಯಾರಿವೆ. ರುಚಿ ಕೆಡದಂತೆ ಹಿಟ್ಟು ಎರಡು ಮೂರು ತಿಂಗಳು ಉಳಿಯುವ, ಊರ ಗಿರಣಿಯಲ್ಲೇ ಮಾಡಬಹುದಾದ ಹದವಾದ ಬಿಸಿಯ ವಿಧಾನ ಬೇಕಾಗಿದೆ. ತೊಗರಿಯ ಕುಡಿಯನ್ನು 45-50 ದಿನಕ್ಕೆ ಚಿವುಟಿದರೆ ಟೊಂಗೆ ಹೆಚ್ಚುತ್ತವೆ ಎಂಬ ಸಂಗತಿ ಬ್ಯಾಟರಿ ಯಂತ್ರ ಬಂದ ಮೇಲೆ ಎಷ್ಟು ಬೇಗ ಊರೂರಿಗೆ ಹಬ್ಬಿತೋ ಹಿಟ್ಟಿನ ವಿಧಾನವೂ ಹಾಗೆ ಹಬ್ಬೀತು.

ನೀರಾವರಿ ಭಾಗವನ್ನು ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಅಥಣಿ, ರಾಯಬಾಗ, ಜಮಖಂಡಿ, ಮುಧೋಳ ಕಡೆ ವರ್ಷಾನುಗಟ್ಟಲೆ ಕಬ್ಬಿಗೆ ನೀರು ಹಾಯಿಸಿ ಸವಳು-ಜವಳಾದ, ಅಂದರೆ ಉಪ್ಪು ಸೇರಿ ಜೌಗಾದ ಎರೆಭೂಮಿಯ ರೈತರೂ ಬಡವರಾಗುತ್ತಿದ್ದಾರೆ. ಅಲ್ಲಿ ಇಳುವರಿ ಏರಿಸುವ ಸಂಶೋಧನೆಗಿಂತ, ಮೀಟರ್ ಆಳದಲ್ಲಿ ರಂಧ್ರದ ಪೈಪು ಹೂತು ಉಪ್ಪುನೀರನ್ನು ಬಸಿದು ಹಾಕುವ ಒಳಬಸಿಗಾಲುವೆಯ ಖರ್ಚು ಇಳಿಸುವ ಸಂಶೋಧನೆ ಮುಖ್ಯ. ಒಬ್ಬ ರೈತ ಹೂತರೆ ಪಕ್ಕದವನ ನೀರು ಅವನ ಹೊಲಕ್ಕೆ ಬರುತ್ತದೆ. ಹಳ್ಳದವರೆಗೆ ಎಲ್ಲರೂ ಕೂಡಿಯೇ ಮಾಡಬೇಕಾದ ಕೆಲಸ. ಹಾಗೆಯೇ ಹೊಲವೇ ಇಲ್ಲದ ಕುರಿಗಾರರಿಗೆ ಪಿಪಿಆರ್ ಎಂಬ ಕುರಿ-ಮೇಕೆಗಳ ಮಾರಕ ರೋಗದ ಲಸಿಕೆ ಬಿಸಿಲಿನಲ್ಲಿ ಕೆಡದೆ ಹಟ್ಟಿ ಮುಟ್ಟುವುದು ಯಾವ ಹೊಸ ತಳಿಗಿಂತಲೂ ದೊಡ್ಡದು.

ಕೊನೆಗೆ ಪ್ರಯೋಗ ಮಾಡುವ ರೀತಿ. ಕೇಂದ್ರದ ತಾಕಿನಲ್ಲಿ ಹೊತ್ತಿಗೆ ಸರಿಯಾಗಿ ಬಿತ್ತಿ, ಕಸ ತೆಗೆದು, ಕಾವಲು ಇಟ್ಟು ತೆಗೆದ ಇಳುವರಿ ರೈತನ ಹೊಲದ ಎರಡರಷ್ಟು ಬರುವುದು ಸಹಜ. ತಳಿಯ ಕೊನೆಯ ಪರೀಕ್ಷೆ ರೈತರ ಹೊಲದಲ್ಲಿ, ರೈತರ ಖರ್ಚಿನ ಮಟ್ಟದಲ್ಲಿ, ಮಸಾರಿ (ಕೆಂಪು ಮಣ್ಣು) ಮತ್ತು ಎರೆ ಎರಡರಲ್ಲೂ ಆಗಲಿ. ಐದು ವರ್ಷದ ಸರಾಸರಿಯ ಪಕ್ಕದಲ್ಲಿ ಅತಿ ಕೆಟ್ಟ ವರ್ಷದ ಇಳುವರಿಯನ್ನೂ ಮುದ್ರಿಸಲಿ, ಏಕೆಂದರೆ ಸಾಲ ಕೊಡುವವನ ಬಾಗಿಲಿಗೆ ರೈತನನ್ನು ಕಳಿಸುವುದು ಆ ಒಂದು ವರ್ಷ. ಕಳೆ ತೆಗೆಯಲು, ಕೀಳಲು, ತೆನೆ ಮುರಿಯಲು ಎಷ್ಟು ಹೆಣ್ಣಾಳಿನ ತಾಸು ಹಿಡಿಯಿತು ಎಂಬುದೂ ಕಾಳಿನ ತೂಕದ ಹಾಗೆಯೇ ಪ್ರತಿ ವರದಿಯಲ್ಲಿ ಇರಲಿ. ರೊಟ್ಟಿ ಬಡಿಯುವವರು, ಕಣಕಿ ಹಾಕುವವರು ತಳಿ ಆರಿಸುವ ಸಮಿತಿಯಲ್ಲಿ ಕೂರಲಿ.

ಈ ಹಿಂಗಾರಿಗೆ ಕೂಡಲೇ ಆಗಬಹುದಾದ ಒಂದು ಕೆಲಸವಿದೆ. ಬಿಜೆವಿ-44, ಎಂ 35-1 ಮತ್ತು ಸೊರಗು ರೋಗ ತಡೆಯುವ ಕಡಲೆ ತಳಿಗಳ ಬೀಜ ಎಷ್ಟು ಕ್ವಿಂಟಲ್ ದಾಸ್ತಾನಿದೆ, ಯಾವಾಗ ಬರುತ್ತದೆ ಎಂಬುದನ್ನು ಪ್ರತಿ ರೈತ ಸಂಪರ್ಕ ಕೇಂದ್ರದ ಬಾಗಿಲಲ್ಲಿ ಉತ್ತರಿಗೆ ಮುಂಚಿನ ಹುಬ್ಬಿ ಮಳೆ ಮುಗಿಯುವುದರೊಳಗೆ ಬರೆದು ಹಾಕಲಿ. ಜೋಳದ ಬೀಜದ ಜೊತೆ ಅದಕ್ಕೆ ಬೇಕಾದಷ್ಟು ಕ್ಯಾಲ್ಸಿಯಂ ಕ್ಲೋರೈಡ್ ಪೊಟ್ಟಣ ಕಟ್ಟಿಕೊಡಲಿ, ನೆನೆಸುವ ವಿಧಾನವನ್ನು ಅದರ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸಲಿ.

ತಮ್ಮ ವಿಶ್ವಾಸಿಗಳು,
ಒಣಬೇಸಾಯದ ಕೆಲವು ರೈತರು ಮತ್ತು ನಿವೃತ್ತ ಕೃಷಿ ಸಿಬ್ಬಂದಿ
ಬಸವನಬಾಗೇವಾಡಿ ತಾಲ್ಲೂಕು, ವಿಜಯಪುರ ಜಿಲ್ಲೆ